ಬೆಂಕಿಯ ಕಾವಲು

"ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡಿದಂತೆ" ಎಂಬ ಗಾದೆ ಕನ್ನಡ ನಾಡಿನ ಹಳ್ಳಿಹಳ್ಳಿಗಳಲ್ಲಿಯೂ ಕೇಳಿಬರುತ್ತದೆ. ವಿಪತ್ತು ಬರುವ ಮೊದಲೇ ಅದಕ್ಕೆ ಸಿದ್ಧವಾಗಿರಬೇಕೆಂಬ ವಿವೇಕ ಈ ಮಾತಿನಲ್ಲಿ ಅಡಗಿದೆ. ಬೆಂಕಿಯ ವಿಷಯದಲ್ಲಂತೂ ಇದು ಅಕ್ಷರಶಃ ಸತ್ಯ. ಪಟ್ಟಣದಲ್ಲಿ ಬೆಂಕಿ ಬಿದ್ದರೆ ಅಗ್ನಿಶಾಮಕ ದಳದ ವಾಹನವು ಕೆಲವು ನಿಮಿಷಗಳಲ್ಲಿ ಧಾವಿಸಿ ಬರುತ್ತದೆ. ಹಳ್ಳಿಯ ಸ್ಥಿತಿ ಹಾಗಲ್ಲ. ಅದರಲ್ಲಿಯೂ ಕಾಡಿನ ಅಂಚಿನ ಹಳ್ಳಿಗಳಲ್ಲಿ, ದಳವು ಬಂದು ಸೇರುವುದಕ್ಕೆ ಮೊದಲು ಕಳೆದುಹೋಗುವ ಹೊತ್ತೇ ಹಾನಿಯ ಪ್ರಮಾಣವನ್ನು ನಿರ್ಣಯಿಸುತ್ತದೆ. ಆ ಹೊತ್ತಿನಲ್ಲಿ ಬೆಂಕಿಗೆ ಎದುರಾಗಿ ನಿಲ್ಲುವವರು ನೆರೆಹೊರೆಯ ಜನರು. ಅವರು ಮನಸ್ಸುಮಾಡಿದರೆ ಕಿಡಿಯು ಕಿಡಿಯಾಗಿದ್ದಾಗಲೇ ಆರಿಹೋಗುತ್ತದೆ. ಅವರು ಉದಾಸೀನರಾದರೆ ಎಂತಹ ಸಾಧನವೂ ಸಾಲದಾಗುತ್ತದೆ. ಚಾಮರಾಜನಗರ ಜಿಲ್ಲೆಯ ಕಾಡುಗಳ ಇತಿಹಾಸ ಈ ಮಾತಿಗೆ ಸಾಕ್ಷಿಯಾಗಿದೆ.

ಕರ್ನಾಟಕದ ದಕ್ಷಿಣದ ತುದಿಯಲ್ಲಿರುವ ಈ ಜಿಲ್ಲೆಯು 1997ರಲ್ಲಿ ಮೈಸೂರು ಜಿಲ್ಲೆಯಿಂದ ಬೇರ್ಪಟ್ಟು ರಚಿತವಾಯಿತು. ಪೂರ್ವದಲ್ಲಿ ಮಲೆ ಮಹದೇಶ್ವರ ಬೆಟ್ಟದ ಸಾಲು, ನಡುವೆ ಬಿಳಿಗಿರಿರಂಗನ ಬೆಟ್ಟ, ಪಶ್ಚಿಮದಲ್ಲಿ ಗುಂಡ್ಲುಪೇಟೆ ತಾಲ್ಲೂಕಿಗೆ ಹೊಂದಿಕೊಂಡಂತೆ ಬಂಡೀಪುರ, ಹೀಗೆ ಜಿಲ್ಲೆಯ ಬಹುಭಾಗವನ್ನು ಅರಣ್ಯವೇ ಆವರಿಸಿದೆ. ಬಂಡೀಪುರದಲ್ಲಿ 1931ರಲ್ಲಿ ಮೈಸೂರು ಮಹಾರಾಜರ ಆಳ್ವಿಕೆಯಲ್ಲಿ ಸುಮಾರು 90 ಚದರ ಕಿಲೋಮೀಟರುಗಳ ವನ್ಯಪ್ರಾಣಿಧಾಮವೊಂದು ಸ್ಥಾಪಿತವಾಯಿತು. 1973ರಲ್ಲಿ ಹುಲಿ ಯೋಜನೆ ಆರಂಭವಾದಾಗ ದೇಶದಲ್ಲಿ ಮೊದಲು ಆಯ್ಕೆಯಾದ ಕಾಡುಗಳಲ್ಲಿ ಅದೂ ಒಂದು. ಇಂದು ಬಂಡೀಪುರ ರಾಷ್ಟ್ರೀಯ ಉದ್ಯಾನದ ವಿಸ್ತೀರ್ಣ 870 ಚದರ ಕಿಲೋಮೀಟರುಗಳಿಗೂ ಹೆಚ್ಚು. ನಾಗರಹೊಳೆ, ತಮಿಳುನಾಡಿನ ಮುದುಮಲೆ, ಕೇರಳದ ವಯನಾಡು, ಈ ಮೂರು ಕಾಡುಗಳೊಡನೆ ಅದು ಬೆಸೆದುಕೊಂಡಿದೆ. ಇಲ್ಲಿ ಹೊತ್ತಿದ ಬೆಂಕಿಗೆ ರಾಜ್ಯಗಳ ಎಲ್ಲೆಯ ಪರಿವೆಯಿಲ್ಲ.

ಬಂಡೀಪುರದ ಬಹುಭಾಗ ಎಲೆ ಉದುರುವ ಒಣ ಕಾಡು. ತೇಗ, ಮತ್ತಿ, ಹೊನ್ನೆ, ದಿಂಡಿಗ, ಬೀಟೆ, ನೆಲ್ಲಿ ಮೊದಲಾದ ಮರಗಳು ಇಲ್ಲಿ ಬೆಳೆಯುತ್ತವೆ. ಮಳೆಗಾಲದಲ್ಲಿ ಆಳೆತ್ತರಕ್ಕೆ ಏಳುವ ಹುಲ್ಲು ಡಿಸೆಂಬರಿನ ವೇಳೆಗೆ ಒಣಗಿ ಹಳದಿಯಾಗುತ್ತದೆ. ಜನವರಿಯಿಂದ ಮರಗಳು ಎಲೆಗಳನ್ನು ಕಳಚಿ ನೆಲದ ಮೇಲೆ ತರಗನ್ನು ಹಾಸುತ್ತವೆ. ಹೂಬಿಟ್ಟು ಸತ್ತ ಬಿದಿರಿನ ಮೆಳೆಗಳು ಒಣಗಿದ ಸೌದೆಯ ರಾಶಿಗಳಂತೆ ನಿಂತಿರುತ್ತವೆ. ಮುಂಗಾರಿಗೆ ಮೊದಲಿನ ಮಳೆ ಬೀಳುವವರೆಗೆ ಕಾಡಿನ ನೆಲವೆಲ್ಲ ಒಂದು ಕಡ್ಡಿಯ ಕಿಡಿಗಾಗಿ ಕಾದಿರುವಂತೆ ತೋರುತ್ತದೆ. ವಿಚಿತ್ರವೆಂದರೆ, ಹಿಂದಿನ ವರ್ಷ ಮಳೆ ಚೆನ್ನಾಗಿ ಆಗಿದ್ದರೆ ಈ ಅಪಾಯ ಹೆಚ್ಚುತ್ತದೆ. ಸೊಂಪಾಗಿ ಬೆಳೆದ ಹುಲ್ಲು ಬೇಸಿಗೆಯಲ್ಲಿ ಅಷ್ಟೇ ಸಮೃದ್ಧವಾದ ಇಂಧನವಾಗುತ್ತದೆ.

ಯಾವುದೇ ವಸ್ತು ಉರಿಯಬೇಕಾದರೆ ಮೂರು ಅಂಶಗಳು ಕೂಡಿಬರಬೇಕು: ಉರಿಯುವ ಪದಾರ್ಥ, ಶಾಖ ಮತ್ತು ಗಾಳಿಯಲ್ಲಿರುವ ಆಮ್ಲಜನಕ. ಇವುಗಳಲ್ಲಿ ಒಂದನ್ನು ತಪ್ಪಿಸಿದರೂ ಬೆಂಕಿ ಆರುತ್ತದೆ. ನೀರು ಸುರಿದರೆ ಶಾಖ ಇಳಿಯುತ್ತದೆ. ಮಣ್ಣು ಮುಚ್ಚಿದರೆ ಗಾಳಿಯ ಸಂಪರ್ಕ ಕಡಿಯುತ್ತದೆ. ಆದರೆ ನೂರಾರು ಎಕರೆಗಳಲ್ಲಿ ಹರಡಿದ ಕಾಡಿನ ಬೆಂಕಿಗೆ ನೀರನ್ನು ಒದಗಿಸುವುದು ಸುಲಭವಲ್ಲ. ಬೇಸಿಗೆಯಲ್ಲಿ ಅಲ್ಲಿನ ಹಳ್ಳಗಳೂ ಕೆರೆಗಳೂ ಬತ್ತಿರುತ್ತವೆ. ವಾಹನ ಹೋಗುವ ದಾರಿಗಳೂ ವಿರಳ. ಆದುದರಿಂದ ಕಾಡಿನಲ್ಲಿ ಉಳಿಯುವ ಮುಖ್ಯ ಉಪಾಯ ಒಂದೇ: ಉರಿಯುವ ಪದಾರ್ಥವನ್ನು ಬೆಂಕಿಯ ದಾರಿಯಿಂದ ಮೊದಲೇ ತೆಗೆದುಬಿಡುವುದು.

ಕಾಡಿನ ಬೆಂಕಿಯ ನಡೆಯನ್ನು ಬಲ್ಲವರಿಗೆ ಅದರ ಗುಣಗಳು ಚೆನ್ನಾಗಿ ಗೊತ್ತು. ನಮ್ಮ ದೇಶದ ಕಾಡುಗಳಲ್ಲಿ ಸಾಮಾನ್ಯವಾಗಿ ಏಳುವುದು ನೆಲದ ಬೆಂಕಿ. ಹುಲ್ಲು ಮತ್ತು ತರಗನ್ನು ಸುಡುತ್ತ ಅದು ಸಾಗುತ್ತದೆ. ಇಳಿಜಾರಿನಲ್ಲಿ ಅದು ಕೆಳಗಿನಿಂದ ಮೇಲಕ್ಕೆ ಬಹಳ ಬೇಗ ಏರುತ್ತದೆ; ಏಕೆಂದರೆ ಜ್ವಾಲೆಯು ಮೇಲಿರುವ ಹುಲ್ಲನ್ನು ಮುಟ್ಟುವ ಮೊದಲೇ ಕಾಯಿಸಿ ಒಣಗಿಸಿರುತ್ತದೆ. ಮಧ್ಯಾಹ್ನದ ಬಿಸಿಗಾಳಿಯಲ್ಲಿ ಅದರ ಆರ್ಭಟ ಹೆಚ್ಚು. ರಾತ್ರಿಯ ತಂಪಿನಲ್ಲಿ ಅದು ತಗ್ಗುತ್ತದೆ. ಆರಿತೆಂದು ಭಾವಿಸಿದ ಮೇಲೂ ಬಿದ್ದ ಮರದ ದಿಮ್ಮಿಯೊಳಗೆ ಕೆಂಡ ಉಳಿದಿದ್ದು, ಮರುದಿನದ ಗಾಳಿಗೆ ಮತ್ತೆ ಹೊತ್ತಿಕೊಳ್ಳುವುದುಂಟು.

ಇಂತಹ ಬೆಂಕಿ ತಾನಾಗಿ ಹುಟ್ಟುವುದು ಬಹಳ ಅಪರೂಪ. ಬಿದಿರುಗಳು ಒಂದಕ್ಕೊಂದು ಉಜ್ಜಿ ಕಿಡಿಯೇಳುತ್ತದೆಂಬ ಮಾತು ಬಳಕೆಯಲ್ಲಿದ್ದರೂ, ಹೆಚ್ಚಿನ ಬೆಂಕಿಗಳಿಗೆ ಮನುಷ್ಯರೇ ಕಾರಣರು. ಮೈಸೂರು–ಊಟಿ ರಸ್ತೆಯೂ ಗುಂಡ್ಲುಪೇಟೆ–ಸುಲ್ತಾನ್ ಬತ್ತೇರಿ ರಸ್ತೆಯೂ ಬಂಡೀಪುರದ ನಡುವೆ ಹಾದುಹೋಗುತ್ತವೆ. ಪ್ರಯಾಣಿಕರು ಎಸೆದ ಬೀಡಿ ಸಿಗರೇಟಿನ ತುಂಡು ರಸ್ತೆಯ ಬದಿಯ ಹುಲ್ಲನ್ನು ಹೊತ್ತಿಸಬಹುದು. ಸುಟ್ಟ ನೆಲದಲ್ಲಿ ಹೊಸ ಹುಲ್ಲು ಚಿಗುರುತ್ತದೆಂದು ದನ ಮೇಯಿಸುವವರು ಬೆಂಕಿಯಿಡುವುದುಂಟು. ಜಿಂಕೆಗಳು ಉದುರಿಸಿದ ಕೊಂಬು ಕಾಣಲೆಂದು, ಕಾಡಿನ ಹಾದಿ ತೆರವಾಗಲೆಂದು ಹಚ್ಚುವವರೂ ಇದ್ದಾರೆ. ಇನ್ನು ಕೆಲವು ಸಲ ಅಸಮಾಧಾನವೇ ಬೆಂಕಿಯ ರೂಪ ತಾಳುತ್ತದೆ. ಆನೆಯ ಹಿಂಡು ಒಂದು ರಾತ್ರಿಯಲ್ಲಿ ಬೆಳೆಯನ್ನು ತುಳಿದುಹಾಕಿದಾಗ, ಹುಲಿಯು ದನವನ್ನು ಹಿಡಿದಾಗ, ಮೇವಿನ ದಾರಿ ಮುಚ್ಚಿದಾಗ ಕಾಡಿನ ಮೇಲೆ ಮುನಿಸು ಹುಟ್ಟುವುದು ಅಸಂಭವವಲ್ಲ. ಈ ಮುನಿಸನ್ನು ಅರಿಯದೆ ಬೆಂಕಿಯ ಸಮಸ್ಯೆಯನ್ನು ಅರಿಯಲಾಗದು.

ಬೆಂಕಿಯನ್ನು ಕಾಡಿನ ಶತ್ರುವೆಂದು ಮಾತ್ರ ಎಣಿಸದ ಜನರೂ ಈ ಜಿಲ್ಲೆಯಲ್ಲಿದ್ದಾರೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರು ತಲೆತಲಾಂತರದಿಂದ "ತರಗು ಬೆಂಕಿ" ಎಂಬ ಪದ್ಧತಿಯನ್ನು ಅನುಸರಿಸುತ್ತಿದ್ದರು. ಬೇಸಿಗೆಯ ಆರಂಭದಲ್ಲಿ, ತರಗು ದಪ್ಪವಾಗಿ ಶೇಖರವಾಗುವ ಮೊದಲೇ, ಅಲ್ಲಲ್ಲಿ ಸಣ್ಣಗೆ ಬೆಂಕಿಯಿಟ್ಟು ನೆಲವನ್ನು ಹಗುರಗೊಳಿಸುವ ಕ್ರಮ ಅದು. ಅಂತಹ ಬೆಂಕಿ ಮೊಣಕಾಲೆತ್ತರವನ್ನು ಮೀರದೆ ಸರಿದುಹೋಗುತ್ತಿತ್ತು. ದೊಡ್ಡ ಮರಗಳಿಗೆ ಅದರಿಂದ ಹೆಚ್ಚು ಹಾನಿಯಾಗುತ್ತಿರಲಿಲ್ಲ. 1972ರ ವನ್ಯಜೀವಿ ಸಂರಕ್ಷಣಾ ಕಾಯಿದೆ ಜಾರಿಗೆ ಬಂದು, 1974ರಲ್ಲಿ ಆ ಬೆಟ್ಟ ಅಭಯಾರಣ್ಯವಾದ ಮೇಲೆ ಈ ಪದ್ಧತಿ ನಿಂತುಹೋಯಿತು. ಅದು ನಿಂತ ಮೇಲೆಯೇ ಲಂಟಾನದ ಪೊದೆ ಕಾಡನ್ನೆಲ್ಲ ಆವರಿಸಿತೆಂದೂ, ನೆಲ್ಲಿಮರಗಳನ್ನು ಹೀರುವ ಉಪ್ಪಿಲು ಎಂಬ ಬದನಿಕೆ ಹೆಚ್ಚಿತೆಂದೂ ಸೋಲಿಗ ಹಿರಿಯರು ಹೇಳುತ್ತಾರೆ. ಸಂಶೋಧಕರು ಅವರ ಈ ತಿಳಿವಳಿಕೆಯನ್ನು ಗಂಭೀರವಾಗಿ ಪರಿಗಣಿಸಿ ದಾಖಲಿಸಿದ್ದಾರೆ.

ಲಂಟಾನವು ಅಮೆರಿಕ ಖಂಡದ ಉಷ್ಣವಲಯದಿಂದ ಅಲಂಕಾರದ ಗಿಡವಾಗಿ ಭಾರತಕ್ಕೆ ಬಂದ ಸಸ್ಯ. ಬಂಡೀಪುರದಲ್ಲಿಯೂ ಅದು ದಟ್ಟವಾಗಿ ಹಬ್ಬಿದೆ. ಅದರ ಒಣಗಿದ ಕಡ್ಡಿಗಳು ನೆಲದಿಂದ ಮರದ ಕೊಂಬೆಯವರೆಗೆ ಏಣಿಯಂತೆ ನಿಂತಿರುವುದರಿಂದ, ನೆಲದಲ್ಲಿ ಹರಿದುಹೋಗಬೇಕಾದ ಬೆಂಕಿಯು ಆ ಏಣಿಯನ್ನು ಹತ್ತಿ ಮರಗಳನ್ನು ಮುಟ್ಟುತ್ತದೆ. ಹಿಂದಿನ ಕಾಡಿಗೂ ಇಂದಿನ ಕಾಡಿಗೂ ಇರುವ ಈ ವ್ಯತ್ಯಾಸದಿಂದಾಗಿ ಇಂದು ಯಾರೂ ತಮ್ಮಷ್ಟಕ್ಕೆ ತಾವೇ ಕಾಡಿಗೆ ಬೆಂಕಿಯಿಡುವುದು ಕ್ಷೇಮಕರವಲ್ಲ. ಕಾನೂನಿನ ಪ್ರಕಾರ ಅದು ಅಪರಾಧವೂ ಹೌದು. ಆದರೆ ಬೆಂಕಿಯ ಸ್ವಭಾವವನ್ನು ಅರಿತ ಜನರ ಅನುಭವ ಇಂದಿಗೂ ಉಪಯುಕ್ತವಾದುದು.

ಆ ಅನುಭವ ಇಂದು ಬಳಕೆಯಾಗುತ್ತಿರುವುದು ಬೆಂಕಿ ರೇಖೆಗಳ ಕೆಲಸದಲ್ಲಿ. ಮಳೆಗಾಲ ಮುಗಿದೊಡನೆ ಅರಣ್ಯ ಇಲಾಖೆಯು ರಸ್ತೆಗಳ ಬದಿಯಲ್ಲಿಯೂ ಕಾಡಿನ ಗಡಿಯಲ್ಲಿಯೂ ನಿರ್ದಿಷ್ಟ ಅಗಲದ ಪಟ್ಟಿಗಳನ್ನು ಗುರುತಿಸಿ, ಅಲ್ಲಿನ ಹುಲ್ಲು, ಪೊದೆಗಳನ್ನು ಕಡಿಸುತ್ತದೆ. ಅವು ಒಣಗಿದ ಮೇಲೆ ಗಾಳಿಯಿಲ್ಲದ ಹೊತ್ತು ನೋಡಿ, ಇಕ್ಕೆಲಗಳಲ್ಲಿಯೂ ಕಾವಲಿದ್ದು ಸುಟ್ಟುಹಾಕುತ್ತಾರೆ. ಹೀಗೆ ಬರಿದಾದ ಪಟ್ಟಿಯೇ ಬೆಂಕಿ ರೇಖೆ. ಹರಿದುಬಂದ ಬೆಂಕಿಗೆ ಅಲ್ಲಿ ತಿನ್ನಲು ಏನೂ ದೊರೆಯದೆ ಅದು ನಿಲ್ಲುತ್ತದೆ. ಬಂಡೀಪುರದಲ್ಲಿ ಇಂತಹ ರೇಖೆಗಳ ಒಟ್ಟು ಉದ್ದ 2000 ಕಿಲೋಮೀಟರುಗಳನ್ನು ಮೀರುತ್ತದೆ. ಈ ಕೆಲಸ ತಡವಾದರೆ, ರೇಖೆಯನ್ನು ಸುಡಲು ಹಚ್ಚಿದ ಬೆಂಕಿಯೇ ಕೈಮೀರುವ ಅಪಾಯವಿದೆ. ಬಾವಿ ತೋಡುವ ಕಾಲ ಯಾವುದೆಂಬುದು ಇಲ್ಲಿ ಸ್ಪಷ್ಟವಾಗುತ್ತದೆ.

ರೇಖೆ ಎಷ್ಟೇ ಚೆನ್ನಾಗಿದ್ದರೂ ಕಣ್ಣಿಟ್ಟು ಕಾಯುವವರು ಬೇಕು. ಪ್ರತಿವರ್ಷ ಬೇಸಿಗೆಯ ತಿಂಗಳುಗಳಿಗಾಗಿ ಕಾಡಂಚಿನ ಹಳ್ಳಿಗಳಿಂದಲೂ ಜೇನುಕುರುಬರ, ಸೋಲಿಗರ ಹಾಡಿಗಳಿಂದಲೂ ನೂರಾರು ಮಂದಿ ಬೆಂಕಿ ಕಾವಲುಗಾರರಾಗಿ ನೇಮಕವಾಗುತ್ತಾರೆ. ಎತ್ತರದ ಗುಡ್ಡಗಳಲ್ಲಿಯೂ ಅಟ್ಟಣೆಗಳ ಮೇಲೆಯೂ ಕುಳಿತು ಹೊಗೆಯನ್ನು ಹುಡುಕುವುದು, ಕಂಡೊಡನೆ ನಿಸ್ತಂತು ಯಂತ್ರದ ಮೂಲಕ ಸುದ್ದಿ ಮುಟ್ಟಿಸುವುದು, ಓಡಿಹೋಗಿ ಆರಿಸುವುದು ಅವರ ಕೆಲಸ. ಇಂದು ಉಪಗ್ರಹಗಳೂ ಅವರಿಗೆ ನೆರವಾಗುತ್ತವೆ. ಡೆಹರಾಡೂನಿನ ಭಾರತೀಯ ಅರಣ್ಯ ಸಮೀಕ್ಷಾ ಸಂಸ್ಥೆಯು ಉಪಗ್ರಹಗಳು ಕಂಡ ಶಾಖದ ತಾಣಗಳನ್ನು ಗುರುತಿಸಿ ಸಂಬಂಧಪಟ್ಟ ಅಧಿಕಾರಿಗಳಿಗೆ ಎಚ್ಚರಿಕೆ ಕಳುಹಿಸುತ್ತದೆ. ಆದರೆ ಉಪಗ್ರಹವು ಆ ಪ್ರದೇಶದ ಮೇಲೆ ಹಾದುಹೋಗುವುದು ದಿನದ ಕೆಲವು ವೇಳೆಗಳಲ್ಲಿ ಮಾತ್ರ. ಹೊಲದಲ್ಲಿ ದುಡಿಯುತ್ತಿರುವ ರೈತನ ಕಣ್ಣಿಗೆ ಹೊಗೆ ಅದಕ್ಕಿಂತ ಮೊದಲೇ ಬೀಳಬಹುದು. ಅವನು ಸುದ್ದಿ ಮುಟ್ಟಿಸುತ್ತಾನೆಯೇ ಎಂಬುದೇ ಮುಖ್ಯ ಪ್ರಶ್ನೆ.

ಬೆಂಕಿಯನ್ನು ಆರಿಸುವ ಕ್ರಮವೂ ಸರಳವಾದುದು, ಆದರೆ ಕಷ್ಟದ್ದು. ಹಸಿರೆಲೆಗಳ ಕೊಂಬೆಯನ್ನು ಮುರಿದುಕೊಂಡು, ಸಾಲಾಗಿ ನಿಂತು, ಬೆಂಕಿಯ ಅಂಚನ್ನು ಬಡಿಯುತ್ತ ಹೋಗುವುದು ಹಳೆಯ ವಿಧಾನ. ಬೆನ್ನಿಗೆ ಹೊರುವ ನೀರಿನ ಸಿಂಪರಣೆ ಯಂತ್ರಗಳೂ ತರಗನ್ನು ಊದಿ ಸರಿಸುವ ಯಂತ್ರಗಳೂ ಈಚೆಗೆ ಬಳಕೆಗೆ ಬಂದಿವೆ. ಬೆಂಕಿಯ ಮುಂಭಾಗ ಪ್ರಬಲವಾಗಿದ್ದರೆ ಎದುರುಬೆಂಕಿಯನ್ನು ಹಚ್ಚುತ್ತಾರೆ. ಬೆಂಕಿ ರೇಖೆಯಿಂದ ಹೊರಟ ಈ ಎರಡನೆಯ ಬೆಂಕಿಯು ಮೊದಲನೆಯದರತ್ತ ಸಾಗಿ, ನಡುವಿನ ಹುಲ್ಲನ್ನೆಲ್ಲ ಸುಟ್ಟುಬಿಡುತ್ತದೆ. ಎರಡೂ ಕೂಡುವಲ್ಲಿ ಉರಿಯಲು ಏನೂ ಉಳಿದಿರುವುದಿಲ್ಲ. ಗಾಳಿಯ ದಿಕ್ಕನ್ನು ಅರಿಯದವರು ಈ ಸಾಹಸಕ್ಕೆ ಕೈಹಾಕಿದರೆ ತಾವೇ ಎರಡು ಬೆಂಕಿಗಳ ನಡುವೆ ಸಿಲುಕುತ್ತಾರೆ.

ಈ ಸೇವೆಯ ಬೆಲೆ ಎಷ್ಟೆಂಬುದನ್ನು 2017ನೆಯ ವರ್ಷ ತೋರಿಸಿತು. ಆ ವರ್ಷದ ಫೆಬ್ರವರಿಯಲ್ಲಿ ಬಂಡೀಪುರದ ಕಲ್ಕೆರೆ ವಲಯದಲ್ಲಿ ಕಾಡ್ಗಿಚ್ಚನ್ನು ಆರಿಸಲು ಹೋದ ಅರಣ್ಯ ರಕ್ಷಕರೊಬ್ಬರು ಜ್ವಾಲೆಗೆ ಸಿಲುಕಿ ಪ್ರಾಣತೆತ್ತರು. ಎರಡು ವರ್ಷಗಳ ತರುವಾಯ, 2019ರ ಫೆಬ್ರವರಿಯಲ್ಲಿ, ಇನ್ನೂ ದೊಡ್ಡ ವಿಪತ್ತು ಒದಗಿತು. ಆ ತಿಂಗಳ 21ರ ಸುಮಾರಿಗೆ ಹೊತ್ತಿದ ಬೆಂಕಿ ಹಿಮವದ್ ಗೋಪಾಲಸ್ವಾಮಿ ಬೆಟ್ಟದ ಸುತ್ತಲಿನ ಹುಲ್ಲುಗಾವಲನ್ನೂ ಇಳಿಜಾರುಗಳನ್ನೂ ಆವರಿಸಿ ಐದು ದಿನಗಳ ಕಾಲ ಉರಿಯಿತು. ಪ್ರವಾಸಿಗಳ ಸಫಾರಿಯನ್ನು ನಿಲ್ಲಿಸಲಾಯಿತು. ಸಿಬ್ಬಂದಿ ಸಾಲದೆಹೋದಾಗ ಹಳ್ಳಿಗಳ ಜನರೂ, ಮೈಸೂರು ಬೆಂಗಳೂರುಗಳಿಂದ ಬಂದ ಸ್ವಯಂಸೇವಕರೂ ಹಸಿಕೊಂಬೆಗಳನ್ನು ಹಿಡಿದು ಬೆಟ್ಟವೇರಿದರು. ಫೆಬ್ರವರಿ 25ರಂದು ಭಾರತೀಯ ವಾಯುಪಡೆಯ ಹೆಲಿಕಾಪ್ಟರುಗಳು ತೂಗುಬಿಟ್ಟ ದೊಡ್ಡ ಬುಟ್ಟಿಗಳಲ್ಲಿ ನೀರನ್ನು ಮೊಗೆದು ತಂದು ಸುರಿದವು. ಉಪಗ್ರಹ ಚಿತ್ರಗಳ ಅಂದಾಜಿನ ಪ್ರಕಾರ 4000 ಹೆಕ್ಟೇರುಗಳಿಗೂ ಮೀರಿದ ಕಾಡು ಸುಟ್ಟಿತ್ತು.

ಜಿಂಕೆ, ಕಾಡೆಮ್ಮೆ, ಆನೆಗಳಂತಹ ಪ್ರಾಣಿಗಳು ಓಡಿ ಪಾರಾಗಬಲ್ಲವು. ಆಮೆ, ಹಾವು, ಓತಿಕ್ಯಾತಗಳಿಗೂ ನೆಲದಲ್ಲಿ ಗೂಡುಮಾಡುವ ಹಕ್ಕಿಗಳ ಮೊಟ್ಟೆ ಮರಿಗಳಿಗೂ ಆ ಅವಕಾಶವಿಲ್ಲ. ಹುಲ್ಲಿನ ಹೊದಿಕೆ ಸುಟ್ಟುಹೋದ ಇಳಿಜಾರಿನ ಮೇಲೆ ಮೊದಲ ಮಳೆ ಬಿದ್ದಾಗ ಮೇಲ್ಮಣ್ಣು ಕೊಚ್ಚಿಹೋಗುತ್ತದೆ. ಮೇವು ಕಳೆದುಕೊಂಡ ಆನೆಗಳು ಹೊಲಗಳತ್ತ ಇಳಿಯುತ್ತವೆ. ಕಾಡು ಸುಟ್ಟರೆ ಕಾಡಿನ ಅಂಚಿನ ಹೊಲವೂ ಸುರಕ್ಷಿತವಲ್ಲ.

ಬೆಂಕಿಯ ಭಯ ಕಾಡಿಗೆ ಮಾತ್ರ ಸೀಮಿತವಾದುದಲ್ಲ. ಗುಂಡ್ಲುಪೇಟೆ, ಚಾಮರಾಜನಗರ ತಾಲ್ಲೂಕುಗಳ ಹಳ್ಳಿಗಳಲ್ಲಿ ಸುಗ್ಗಿಯ ಅನಂತರ ಮನೆಗಳ ಪಕ್ಕದಲ್ಲಿಯೇ ಹುಲ್ಲಿನ ಮೆದೆಗಳು ಏಳುತ್ತವೆ. ಮೆದೆಯೊಂದು ಹೊತ್ತಿಕೊಂಡರೆ ದನಗಳ ವರ್ಷದ ಮೇವು ಒಂದೇ ಗಳಿಗೆಯಲ್ಲಿ ಬೂದಿಯಾಗುತ್ತದೆ. ಜೋಲುಬಿದ್ದ ವಿದ್ಯುತ್ ತಂತಿಯ ಕಿಡಿ ಬಿದ್ದು ಕಬ್ಬಿನ ಗದ್ದೆಗಳು ಉರಿದುಹೋಗುವುದೂ ಉಂಟು. 1964ರ ಕಾಯಿದೆಯನ್ವಯ ರಚಿತವಾದ ರಾಜ್ಯದ ಅಗ್ನಿಶಾಮಕ ದಳವು ಇಂತಹ ಸಂದರ್ಭಗಳಲ್ಲಿ ನೆರವಿಗೆ ಬರುತ್ತದೆ. ಆದರೆ ತಾಲ್ಲೂಕು ಕೇಂದ್ರದ ಠಾಣೆಯಿಂದ ದೂರದ ಹಳ್ಳಿಗೆ ವಾಹನ ಬರಲು ಸಮಯ ಹಿಡಿಯುತ್ತದೆ. ಸಾಮಾನ್ಯ ವಾಹನದ ತೊಟ್ಟಿಯಲ್ಲಿ ಹಿಡಿಯುವ ನೀರು ನಾಲ್ಕೈದು ಸಾವಿರ ಲೀಟರು ಮಾತ್ರ. ರಭಸದಿಂದ ಚಿಮ್ಮಿಸಿದರೆ ಅದು ಕೆಲವೇ ನಿಮಿಷಗಳಲ್ಲಿ ಮುಗಿದುಹೋಗುತ್ತದೆ.

ಆದ್ದರಿಂದ ದಳದ ಸಾಮರ್ಥ್ಯ ಅರ್ಧದಷ್ಟು ಅದರ ಯಂತ್ರಗಳಲ್ಲಿದ್ದರೆ, ಉಳಿದರ್ಧ ಊರಿನವರ ಸಹಕಾರದಲ್ಲಿದೆ. ತಡಮಾಡದೆ 101 ಅಥವಾ 112ಕ್ಕೆ ದೂರವಾಣಿ ಮಾಡಿ ಊರಿನ ಹೆಸರನ್ನೂ ದಾರಿಯ ಗುರುತನ್ನೂ ಸ್ಪಷ್ಟವಾಗಿ ತಿಳಿಸುವುದು, ಕವಲುದಾರಿಯಲ್ಲಿ ಒಬ್ಬನನ್ನು ನಿಲ್ಲಿಸಿ ವಾಹನಕ್ಕೆ ದಾರಿ ತೋರಿಸುವುದು, ಓಣಿಗೆ ಅಡ್ಡಲಾಗಿ ನಿಂತ ಗಾಡಿಗಳನ್ನು ಸರಿಸುವುದು, ತೊಟ್ಟಿಯನ್ನು ಮತ್ತೆ ತುಂಬಲು ನೀರಿರುವ ಕೆರೆ ಅಥವಾ ಕೊಳವೆ ಬಾವಿಯನ್ನು ತೋರಿಸುವುದು, ಇವೆಲ್ಲ ಊರಿನವರು ಮಾತ್ರ ಮಾಡಬಲ್ಲ ಕೆಲಸಗಳು. ಅಷ್ಟರಲ್ಲಿ ಪಕ್ಕದ ಮೆದೆಗಳ ಮೇಲೆ ನೀರೆರಚಿ ತೋಯಿಸುವುದು, ಕೊಟ್ಟಿಗೆಯ ದನಗಳ ಕಣ್ಣಿ ಬಿಚ್ಚುವುದು, ಮುದುಕರನ್ನೂ ಮಕ್ಕಳನ್ನೂ ಗಾಳಿಯ ಎದುರು ದಿಕ್ಕಿಗೆ ಕರೆದೊಯ್ಯುವುದು ಸಹ ಅವರ ಪಾಲಿನದೇ. ಮೆದೆಗಳನ್ನು ಮನೆಗಳಿಂದಲೂ ವಿದ್ಯುತ್ ತಂತಿಗಳಿಂದಲೂ ದೂರದಲ್ಲಿ ಒಟ್ಟುವ ಎಚ್ಚರಿಕೆಗಾದರೋ ಖರ್ಚೇ ಇಲ್ಲ.

ಊರಿನವರ ಈ ಸಹಜ ಸಹಕಾರವನ್ನು ಶಿಸ್ತಿನ ಸಂಘಟನೆಯಾಗಿ ಬೆಳೆಸಿದ ದೇಶಗಳೂ ಇವೆ. ಆಸ್ಟ್ರೇಲಿಯದ ನ್ಯೂ ಸೌತ್ ವೇಲ್ಸ್ ರಾಜ್ಯದಲ್ಲಿ 1896ರಲ್ಲಿಯೇ ಬೆರಿಗನ್ ಎಂಬ ಊರಿನ ಜನ ತಮ್ಮದೇ ಆದ ಬೆಂಕಿ ದಳವೊಂದನ್ನು ಕಟ್ಟಿಕೊಂಡರು. ಇಂದು ಆ ರಾಜ್ಯದ ಗ್ರಾಮೀಣ ಅಗ್ನಿಶಾಮಕ ಸೇವೆಯಲ್ಲಿ ಸುಮಾರು 70,000 ಸ್ವಯಂಸೇವಕರಿದ್ದಾರೆ. ಅವರಲ್ಲಿ ರೈತರು, ಅಂಗಡಿಯವರು, ಉಪಾಧ್ಯಾಯರು ಎಲ್ಲರೂ ಉಂಟು. ವಾಹನ, ಉಡುಪು, ತರಬೇತಿಗಳನ್ನು ಸರ್ಕಾರ ಒದಗಿಸುತ್ತದೆ. ಸಮಯವನ್ನೂ ಶ್ರಮವನ್ನೂ ಜನ ಕೊಡುತ್ತಾರೆ. ನಮ್ಮ ದೇಶದಲ್ಲಿಯೂ ಉತ್ತರಾಖಂಡದ ಬೆಟ್ಟಗಳಲ್ಲಿ 1931ರಿಂದ ನಡೆದುಬಂದಿರುವ ವನ ಪಂಚಾಯತಿಗಳು ತಮ್ಮ ಪಾಲಿನ ಕಾಡನ್ನು ತಾವೇ ಕಾಯುವ ಸಂಪ್ರದಾಯವನ್ನು ಉಳಿಸಿಕೊಂಡಿವೆ.

ಇಲ್ಲಿ ಗಮನಿಸಬೇಕಾದುದು ತರಬೇತಿಯ ಮಹತ್ತ್ವ. ಉತ್ಸಾಹವೊಂದೇ ಬೆಂಕಿಯ ಮುಂದೆ ಸಾಲದು. 2018ರ ಮಾರ್ಚಿನಲ್ಲಿ ತಮಿಳುನಾಡಿನ ತೇಣಿ ಜಿಲ್ಲೆಯ ಕುರಂಗಣಿ ಬೆಟ್ಟದಲ್ಲಿ ಚಾರಣಕ್ಕೆ ಹೋಗಿದ್ದವರು ಕಾಡ್ಗಿಚ್ಚಿಗೆ ಸಿಲುಕಿ, ಅವರಲ್ಲಿ ಇಪ್ಪತ್ತಕ್ಕೂ ಹೆಚ್ಚು ಮಂದಿ ಮಡಿದರು. ಬೆಂಕಿ ಯಾವ ಕಡೆಗೆ ತಿರುಗುತ್ತದೆ, ಸುಟ್ಟು ಬರಿದಾದ ನೆಲ ಎಲ್ಲಿದೆ, ಹಿಂದಿರುಗುವ ದಾರಿ ಯಾವುದು ಎಂಬುದನ್ನು ತಿಳಿಯದೆ ಮುನ್ನುಗ್ಗುವುದು ಪ್ರಾಣಕ್ಕೆ ಸಂಚಕಾರ. ಹತ್ತಿಯ ದಪ್ಪ ಬಟ್ಟೆ, ಗಟ್ಟಿಯಾದ ಪಾದರಕ್ಷೆ, ಕುಡಿಯುವ ನೀರು, ಅನುಭವಿಯಾದ ಮುಂದಾಳು, ಇವಿಲ್ಲದೆ ಯಾರೂ ಕಾಡಿನ ಬೆಂಕಿಯ ಬಳಿಗೆ ಹೋಗಬಾರದು. ಎಲ್ಲರೂ ಬೆಂಕಿಯನ್ನೇ ಬಡಿಯಬೇಕಾಗಿಲ್ಲ. ಸುದ್ದಿ ಮುಟ್ಟಿಸುವವರು, ನೀರು ಆಹಾರಗಳನ್ನು ಒದಗಿಸುವವರು, ರಾತ್ರಿಯಿಡೀ ಕೆಂಡಗಳನ್ನು ಕಾಯುವವರು ಸಹ ಅಷ್ಟೇ ಅಗತ್ಯ.

ಕಾನೂನು ಈ ಸಹಕಾರವನ್ನು ಕರ್ತವ್ಯವೆಂದೇ ಸಾರುತ್ತದೆ. ಕಾಡಿನಿಂದ ಸೌದೆ, ಮೇವುಗಳನ್ನು ಪಡೆಯುವ ಹಕ್ಕುಳ್ಳವರು ಬೆಂಕಿಯ ಸುದ್ದಿಯನ್ನು ತಿಳಿಸಬೇಕು, ಅದನ್ನು ಆರಿಸಲು ನೆರವಾಗಬೇಕು ಎಂದು 1927ರ ಭಾರತೀಯ ಅರಣ್ಯ ಕಾಯಿದೆ ವಿಧಿಸಿತು. ಆದರೆ ಕಾಯಿದೆಯು ಮನಸ್ಸನ್ನು ಹುಟ್ಟಿಸಲಾರದು. ಕಾಡು ತನ್ನದೆಂಬ ಭಾವನೆ ಇಲ್ಲದವನು ಹೊಗೆಯನ್ನು ಕಂಡರೂ ಕಾಣದಂತೆ ನಡೆದುಹೋಗುತ್ತಾನೆ. ಆ ಭಾವನೆ ಮೂಡಬೇಕಾದರೆ ಆನೆ ತುಳಿದ ಬೆಳೆಗೆ ಪರಿಹಾರ ತಡವಿಲ್ಲದೆ ದೊರೆಯಬೇಕು. ಕಾವಲುಗಾರನ ಕೂಲಿ ಹೊತ್ತಿಗೆ ಸರಿಯಾಗಿ ಅವನ ಕೈಸೇರಬೇಕು. ಗಾಯಗೊಂಡವನ ಕುಟುಂಬಕ್ಕೆ ಆಸರೆಯಿರಬೇಕು. ಅಡಿಗೆ ಅನಿಲ ಬಂದ ಮನೆಗಳಲ್ಲಿ ಸೌದೆಗಾಗಿ ಕಾಡಿಗೆ ಹೋಗುವ ಅಗತ್ಯ ಕಡಿಮೆಯಾಗಿದೆ. ಲಂಟಾನವನ್ನು ಕಿತ್ತು ಹುಲ್ಲು ಬೆಳೆಸುವ ಕೆಲಸದಿಂದ, ಅದರ ಕಡ್ಡಿಗಳಿಂದ ಪೀಠೋಪಕರಣ ಮಾಡುವ ಕಸುಬಿನಿಂದ ಕೆಲವರಿಗೆ ಜೀವನೋಪಾಯ ದೊರೆತಿದೆ. ಬಿಳಿಗಿರಿರಂಗನ ಬೆಟ್ಟದ ಸೋಲಿಗರಿಗೆ 2006ರ ಅರಣ್ಯ ಹಕ್ಕುಗಳ ಕಾಯಿದೆಯ ಮೇರೆಗೆ 2011ರಲ್ಲಿ ಸಮುದಾಯದ ಹಕ್ಕುಗಳು ಮಾನ್ಯವಾದವು. ಹಕ್ಕಿರುವಲ್ಲಿ ಹೊಣೆಯೂ ಬೇರೂರುತ್ತದೆ.

2019ರ ಬೆಂಕಿಯಲ್ಲಿ ಹೆಲಿಕಾಪ್ಟರು ಒಂದು ಸಲಕ್ಕೆ ತಂದು ಸುರಿದ ನೀರು ಸುಮಾರು ಮೂರು ಸಾವಿರ ಲೀಟರು. ಅದು ದೊಡ್ಡ ನೆರವೇ ಹೌದು. ಆದರೆ ಅದು ಬಂದದ್ದು ಬೆಂಕಿ ಹೊತ್ತಿದ ಐದನೆಯ ದಿನ. ಮೊದಲ ದಿನದ ಮೊದಲ ಗಳಿಗೆಯಲ್ಲಿ, ಹೊಗೆಯೆದ್ದ ಕಡೆಗೆ ಹತ್ತು ಮಂದಿ ಹಸಿಕೊಂಬೆ ಹಿಡಿದು ಓಡಿದರೆ ಅಷ್ಟು ನೀರಿನ ಅಗತ್ಯವೇ ಬೀಳದಿರಬಹುದು. ಆ ಹತ್ತು ಮಂದಿ ಓಡುವಂತೆ ಮಾಡುವ ಸ್ನೇಹ ಹಾಗೂ ನಂಬಿಕೆಗಳು ಬೇಸಿಗೆ ಬಂದಾಗ ಹುಟ್ಟುವಂಥವಲ್ಲ. ಅವನ್ನು ಮಳೆಗಾಲದಲ್ಲಿಯೇ ಬಿತ್ತಬೇಕು, ವರ್ಷವಿಡೀ ನೀರೆರೆದು ಬೆಳೆಸಬೇಕು. ಬೆಂಕಿ ಬೀಳುವ ಮೊದಲು ಪ್ರತಿಯೊಂದು ಊರೂ ತೋಡಿಕೊಳ್ಳಬೇಕಾದ ಬಾವಿ ಅದೇ.